ಹಿಮ್ಮಡಿಯ ಹಗ್ಗಕ್ಕೆ ಭಾರವೇ ಮದ್ದು

ನನ್ನ ಅಣ್ಣನ ಮಗಳು ಖೋ ಖೋ ಆಡುತ್ತಾಳೆ. ಈಗ ಹದಿನಾರು ವರ್ಷ. ಆರು ತಿಂಗಳ ಹಿಂದೆ ಅವಳ ಎಡ ಹಿಮ್ಮಡಿಯ ಸ್ವಲ್ಪ ಮೇಲೆ, ಮೀನಖಂಡದಿಂದ ಇಳಿದು ಬರುವ ಆ ಗಟ್ಟಿ ಪಟ್ಟಿಯಲ್ಲಿ ನೋವು ಶುರುವಾಯಿತು. ಮನೆಯಲ್ಲಿ ತಲೆಗೊಂದು ಮಾತು. "ನರದ ಮೇಲೆ ನರ ಹತ್ತಿದೆ, ಎಣ್ಣೆ ಹಚ್ಚಿ ನೀವಿಸಿ" ಅಂದರು ಒಬ್ಬರು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಹೋಗುತ್ತದೆ ಅಂದರು ಇನ್ನೊಬ್ಬರು. ಓದಿಕೊಂಡವರು ಮಾತ್ರ, "ಏನೂ ಮಾಡಬೇಡ, ಎರಡು ತಿಂಗಳು ಸುಮ್ನೆ ರೆಸ್ಟ್ ತಗೋ" ಅಂದರು.

ಮೊದಲ ಎರಡನ್ನು ತಳ್ಳಿಹಾಕುವುದು ಸುಲಭ. ನನಗೆ ಜಾಸ್ತಿ ಚಿಂತೆ ಮೂರನೆಯದರದ್ದು. ಅದು ಡಾಕ್ಟರ್ ಮಾತಿನ ಹಾಗೆ ಕೇಳಿಸುತ್ತದೆ, ಹಾಗಾಗಿ ಯಾರೂ ಪ್ರಶ್ನೆ ಮಾಡುವುದಿಲ್ಲ. ಅವಳು ಎರಡು ತಿಂಗಳು ಕೂತಳು. ನೋವು ಹೋಯಿತು. ಮತ್ತೆ ಮೈದಾನಕ್ಕೆ ಇಳಿದ ಮೊದಲ ದಿನವೇ ಅದೇ ಜಾಗದಲ್ಲಿ ಅದೇ ನೋವು ಬಂತು.

ಆಮೇಲೆ ಫಿಸಿಯೋ ಹತ್ತಿರ ಹೋದೆವು. ಅವರು ಬಿಸಿ ಶಾಖವನ್ನೂ ಕೊಡಲಿಲ್ಲ, ಕರೆಂಟಿನ ಯಂತ್ರವನ್ನೂ ಹಚ್ಚಲಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ನಿಲ್ಲಿಸಿದರು. ಮೂರು ಎಣಿಸುತ್ತಾ ಹಿಮ್ಮಡಿ ಎತ್ತು, ಮೂರು ಎಣಿಸುತ್ತಾ ಇಳಿಸು ಅಂದರು. ಹುಡುಗಿ ಹಲ್ಲು ಕಚ್ಚಿಕೊಂಡು, "ನೋವಾಗ್ತಿದೆ ಮೇಡಂ" ಅಂದಳು.

"ಹತ್ತಕ್ಕೆ ಎಷ್ಟು?"

"ಮೂರು."

"ಹಾಗಾದ್ರೆ ಮಾಡು."

ನೋವಿರುವ ಜಾಗಕ್ಕೇ ಭಾರ ಹಾಕುವುದೇ? ಆಟಗಾರರ ಫಿಸಿಯೋಥೆರಪಿಯ ಜೀವಾಳವೇ ಇದು. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಆ ಪಟ್ಟಿಯ ಒಳಗೆ ಹೋಗಬೇಕು.

ಅದರ ಹೆಸರು ಅಕಿಲಿಸ್ ಟೆಂಡನ್. ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ಹಗ್ಗ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ದೇಹದ ತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಐವತ್ತು ಕೆಜಿ ಹುಡುಗಿಗೆ ಮುನ್ನೂರು ಕೆಜಿಗೂ ಮೇಲೆ! ಹಗ್ಗ ಅಂದದ್ದು ಬರೀ ಹೋಲಿಕೆಗಲ್ಲ. ಕೊಲಾಜೆನ್ ಅನ್ನುವ ಪ್ರೋಟೀನಿನ ಮೂರು ಎಳೆ ಹೊಸೆದುಕೊಂಡು ಒಂದು ದಾರ, ಅಂಥ ದಾರಗಳು ಸೇರಿ ಒಂದು ನಾರು, ನಾರುಗಳು ಸೇರಿ ಕಂತೆ. ತೆಂಗಿನ ನಾರಿನ ಹಗ್ಗ ಹೊಸೆದವರಿಗೆ ಇದು ಗೊತ್ತಿರುವ ಕೆಲಸ.

ಒಂದೇ ವ್ಯತ್ಯಾಸ. ಈ ಹಗ್ಗದ ಒಳಗೇ ಹೊಸೆಯುವವರು ವಾಸ ಮಾಡುತ್ತಾರೆ. ನಾರುಗಳ ಸಾಲಿನ ನಡುವೆ ತೆಳ್ಳಗೆ ಅಂಟಿಕೊಂಡಿರುವ ಜೀವಕೋಶಗಳು ಅವು. ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಹೊರಗೆ ಏನು ನಡೆಯುತ್ತಿದೆ ಅನ್ನುವುದು ತಿಳಿಯುವುದು ಎಳೆತದಿಂದ. ಹಗ್ಗ ಬಿಗಿಯಾದಾಗ ಕೋಶದ ಪೊರೆಯೂ ಎಳೆದುಕೊಳ್ಳುತ್ತದೆ. ತೇರಿನ ಮಿಣಿ ಬಿಗಿದಾಗ ಅದನ್ನು ಹಿಡಿದ ಪ್ರತಿಯೊಬ್ಬರ ಕೈಗೂ ಅದು ಗೊತ್ತಾಗುತ್ತದೆ, ಅಲ್ವಾ? ಹಾಗೆ. ಒಂದು ಕೋಶ ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಒಳಗೆ ನ್ಯೂಕ್ಲಿಯಸ್‌ವರೆಗೂ ಹೋಗುತ್ತದೆ, ಅಲ್ಲಿಂದ ಹೊಸ ಕೊಲಾಜೆನ್‌ಗೆ ಆರ್ಡರ್ ಹೊರಡುತ್ತದೆ. ಎಳೆತವೇ ಇಲ್ಲದಿದ್ದರೆ ಈ ಹಗ್ಗಕ್ಕೆ ಕೆಲಸವಿಲ್ಲ ಅಂತ ಆಯಿತು. ರೆಸ್ಟ್ ತಗೊಂಡ ಎರಡು ತಿಂಗಳಲ್ಲಿ ಆದದ್ದು ಇದೇ. ನೋವು ಇಳಿಯಿತು, ಜೊತೆಗೆ ಹಗ್ಗದ ತಾಕತ್ತೂ ಇಳಿಯಿತು.

ಹಾವೇರಿ ಕಡೆ ಗುಳಿ ರಾಗಿ ಬೆಳೆಯುವವರನ್ನು ನೋಡಿ. ಎಳೆ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಗೊತ್ತಿಲ್ಲದವರಿಗೆ ಎದೆ ಝಲ್ಲೆನ್ನುತ್ತದೆ. ಪೈರು ಬಾಗುತ್ತದೆ, ನಾಲ್ಕು ದಿನದಲ್ಲಿ ಎದ್ದು ನಿಲ್ಲುತ್ತದೆ, ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ಆದರೆ ರೈತ ದಿನಾ ಕೊರಡು ಎಳೆಯುವುದಿಲ್ಲ. ನಡುವೆ ಬಿಡುವು ಕೊಡುತ್ತಾನೆ. ಟೆಂಡನ್‌ದೂ ಇದೇ ಲೆಕ್ಕ. ಜೋರು ಕಸರತ್ತಾದ ಮೇಲೆ ಮೊದಲ ಒಂದು, ಒಂದೂವರೆ ದಿನ ಅಲ್ಲಿ ಕಟ್ಟುವುದಕ್ಕಿಂತ ಕಳಚುವುದೇ ಜಾಸ್ತಿ. ಆಮೇಲೆ ಕಟ್ಟುವ ಕೆಲಸ ಮೇಲಾಗುತ್ತದೆ. ಅದಕ್ಕೇ ಭಾರದ ಕಸರತ್ತು ವಾರಕ್ಕೆ ಮೂರು ಸಲ.

ಇದು ಗೊತ್ತಾದ ಕಥೆಯೂ ಸೊಗಸಾಗಿದೆ. ಸ್ವೀಡನ್‌ನ ಉಮಿಯೋ ಊರಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೇ ಈ ನೋವಿತ್ತು. ಆಪರೇಷನ್ ಮಾಡಿ ಅಂತ ಮೇಲಿನವರನ್ನು ಕೇಳಿದರು. ನೀನು ರಜೆ ಹಾಕಿದರೆ ಇಲ್ಲಿ ಕೆಲಸ ನಿಲ್ಲುತ್ತದೆ ಅಂತ ಅವರು ಒಪ್ಪಲಿಲ್ಲ. ಟೆಂಡನ್ ಹರಿದೇ ಹೋದರೆ ಆಗಲಾದರೂ ಆಪರೇಷನ್ ಮಾಡಲೇಬೇಕಲ್ಲ? ಸಿಟ್ಟಿನಲ್ಲಿ ನೋವಿರುವ ಕಾಲಿಗೇ ಭಾರ ಹಾಕಿ ಹಾಕಿ ಹಿಮ್ಮಡಿ ಇಳಿಸತೊಡಗಿದರು. ಟೆಂಡನ್ ಹರಿಯಲಿಲ್ಲ. ನೋವು ಹೋಯಿತು! 1998ರಲ್ಲಿ ಹದಿನೈದು ಓಟಗಾರರಿಂದ ದಿನಕ್ಕೆ 180 ಸಲದಂತೆ ಹನ್ನೆರಡು ವಾರ ಇದನ್ನೇ ಮಾಡಿಸಿದ ವರದಿ ಬಂತು. ಹದಿನೈದೂ ಜನ ಮತ್ತೆ ಓಡಿದರು. ಇಳಿಸುವುದರಲ್ಲೇ ಏನೋ ವಿಶೇಷ ಇದೆ ಅಂತ ಆಗ ಎಲ್ಲರೂ ನಂಬಿದ್ದರು. ಆಮೇಲಿನ ಅಧ್ಯಯನಗಳಲ್ಲಿ ನಿಧಾನವಾಗಿ ಎತ್ತಿ ಇಳಿಸಿದವರಿಗೂ ಅಷ್ಟೇ ಗುಣ ಕಂಡಿತು.

ಇದಕ್ಕೂ ಹಿಂದೆ, ಎರಡನೇ ಮಹಾಯುದ್ಧದ ಹೊತ್ತಿಗೆ, ಷಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಅನ್ನುವ ವೈದ್ಯರು ಮೊಣಕಾಲು ಕೆಟ್ಟ ಸೈನಿಕರ ಕಾಲಿಗೆ ಕಬ್ಬಿಣದ ತೂಕ ಕಟ್ಟಿ ಎತ್ತಿಸಿದ್ದರು, ಪ್ರತಿ ವಾರ ತೂಕ ಏರಿಸುತ್ತಾ. ಇಂದಿನ ಫಿಸಿಯೋಗಳೆಲ್ಲ ನಡೆಯುತ್ತಿರುವುದು ಅದೇ ದಾರಿಯಲ್ಲಿ. ಅತ್ತ "ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಮೇಲೆತ್ತು" ಅನ್ನುವ ಸೂತ್ರವನ್ನು 1978ರಲ್ಲಿ ಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ಮನಸ್ಸು ಬದಲಿಸಿದರು. ಪೂರ್ತಿ ವಿಶ್ರಾಂತಿಯೂ ಐಸೂ ವಾಸಿಯಾಗುವುದನ್ನು ತಡ ಮಾಡಬಹುದು ಎಂದು ತಾವೇ ಬರೆದರು. ಅಂಥ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಡೆನ್ಮಾರ್ಕ್‌ನ ಒಂದು ಸಂಶೋಧನೆ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಇಂಗಾಲ ಏರಿತ್ತು. ಅದು ಊಟದ ಮೂಲಕ ಎಲ್ಲರ ದೇಹಕ್ಕೂ ಸೇರಿತು. ಆ ಗುರುತು ಹಿಡಿದು ಅಕಿಲಿಸ್ ಟೆಂಡನ್‌ನ ವಯಸ್ಸು ಅಳೆದರು. ಅದರ ತಿರುಳು ಹೆಚ್ಚುಕಡಿಮೆ ಹದಿನೇಳು ವರ್ಷದೊಳಗೇ ತಯಾರಾಗುತ್ತದೆ, ಆಮೇಲೆ ಆಗುವ ಬದಲಾವಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. 2013ರಲ್ಲಿ ಇದು ಪ್ರಕಟವಾಯಿತು. ಹಾಗಾದರೆ ದೊಡ್ಡವರಿಗೆ ಕಸರತ್ತು ಏನು ಮಾಡುತ್ತದೆ? ಸ್ನಾಯು ಗಟ್ಟಿಯಾಗುತ್ತದೆ, ಟೆಂಡನ್ ಬಿಗಿಯಾಗುತ್ತದೆ, ಸುತ್ತಲಿನ ಚೆನ್ನಾಗಿರುವ ನಾರುಗಳು ಭಾರ ಹೊರುತ್ತವೆ. ಹದಿನಾರರ ಹುಡುಗಿಯ ವಿಷಯ ಬೇರೆ. ಅವಳ ಹಗ್ಗ ಇನ್ನೂ ಹೊಸೆಯುತ್ತಲೇ ಇದೆ. ಆ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕೂರಿಸಿದೆವಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಮೂಳೆ ಮುರಿದಿದ್ದರೆ, ಟೆಂಡನ್ ಪೂರ್ತಿ ಹರಿದಿದ್ದರೆ ಮೊದಲು ಡಾಕ್ಟರ್ ಹತ್ತಿರ ಓಡಬೇಕು. 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದ ಕೆ.ಎಲ್. ರಾಹುಲ್ ತೊಡೆ ಹಿಡಿದು ಬಿದ್ದರು. ಟೆಂಡನ್ ಹರಿದಿತ್ತು. ಆಪರೇಷನ್ ಆಯಿತು. ಆದರೆ ಆಪರೇಷನ್ ಹೊಲಿಗೆ ಹಾಕುತ್ತದೆ ಅಷ್ಟೇ, ಓಡುವ ಶಕ್ತಿ ಕೊಡುವುದಿಲ್ಲ. ಅದು ಬಂದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಹಂತ ಹಂತವಾಗಿ ಏರಿಸಿದ ಭಾರದಿಂದ. ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದರು.

ನಮ್ಮ ಹುಡುಗಿಗೆ ಈಗ ಹತ್ತನೇ ವಾರ. ನೋವು ಹತ್ತಕ್ಕೆ ಐದು ದಾಟಬಾರದು, ಮಾರನೇ ಬೆಳಿಗ್ಗೆಗೆ ಇಳಿದಿರಬೇಕು ಅನ್ನುವುದು ಫಿಸಿಯೋ ಕೊಟ್ಟ ನಿಯಮ. ಹಾಸಿಗೆಯಿಂದ ಎದ್ದ ಮೊದಲ ಹತ್ತು ಹೆಜ್ಜೆಯ ನೋವಿಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಈ ವಾರ ಮೂರು ದಿನ ಸೊನ್ನೆ ಇದೆ. ನಿನ್ನೆ ಸಂಜೆ ಹೋದಾಗ ಮೆಟ್ಟಿಲಿನ ಅಂಚಿನಲ್ಲಿ ನಿಂತಿದ್ದಳು, ಬೆನ್ನ ಮೇಲೆ ಸ್ಕೂಲ್ ಬ್ಯಾಗು, ಬ್ಯಾಗಿನಲ್ಲಿ ಐದೈದು ಕೆಜಿಯ ಎರಡು ರಾಗಿ ಹಿಟ್ಟಿನ ಚೀಲ.

"ಚಿಕ್ಕಪ್ಪ, ಮಾತಾಡಿಸಬೇಡಿ, ಲೆಕ್ಕ ತಪ್ಪುತ್ತೆ" ಅಂದಳು. ನಾನು ಸುಮ್ಮನೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ.