ಚಾರಣಕ್ಕೆ ಮೊಬೈಲ್ ಸಾಕಾ, ಬೇರೆ ಜಿಪಿಎಸ್ ಬೇಕಾ?

ಪ್ರಶ್ನೆ: ನಾವು ಸಕಲೇಶಪುರದವರು. ಗೆಳೆಯರು ಸೇರಿ ಎತ್ತಿನಭುಜ, ಬಲ್ಲಾಳರಾಯನ ದುರ್ಗ ಅಂತ ಆಗಾಗ ಚಾರಣ ಹೋಗುತ್ತೇವೆ. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ. ಕೈಯಲ್ಲಿ ಹಿಡಿಯುವ ಜಿಪಿಎಸ್ ತೆಗೆದುಕೊಳ್ಳಬೇಕಾ? ತಗೊಂಡರೆ ಎಂಥದ್ದು?

ಉತ್ತರ: ನೆಟ್‌ವರ್ಕ್ ಇಲ್ಲ ಅನ್ನುವ ಒಂದೇ ಕಾರಣಕ್ಕಾದರೆ ಬೇಡ. ಮೊಬೈಲಿನ ಜಿಪಿಎಸ್‌ಗೂ ಟವರ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಿಗ್ನಲ್ ಹಿಡಿದು ಅದು ನಾವಿರುವ ಜಾಗ ಲೆಕ್ಕ ಹಾಕುತ್ತದೆ. ನೆಟ್‌ವರ್ಕ್ ಬೇಕಾಗುವುದು ಮುಖ್ಯವಾಗಿ ನಕ್ಷೆ ಇಳಿಸಿಕೊಳ್ಳಲು. ಅದನ್ನು ಮನೆಯಲ್ಲೇ ಮುಗಿಸಿ, ಬೆಟ್ಟದ ಬುಡದಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಹೆಚ್ಚಿನ ಫೋನುಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ. ಸಿಗದ ಟವರನ್ನು ಸುಮ್ನೆ ಹುಡುಕಿ ಹುಡುಕಿ ಚಾರ್ಜ್ ಖಾಲಿಯಾಗುವುದೂ ತಪ್ಪುತ್ತದೆ. ಬೇಸಿಗೆಯ ಒಂದು ದಿನದ ಚಾರಣಕ್ಕೆ ಇಷ್ಟು ಸಾಕು.

ಮಳೆ, ಮಂಜು ಇದ್ದಾಗಿನ ಕಥೆ ಬೇರೆ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಹುಲ್ಲುಗಾವಲಿನಲ್ಲಿ ದನದ ಹಾದಿಗಳು ನಾಲ್ಕೂ ದಿಕ್ಕಿಗೆ ಹೋಗಿರುತ್ತವೆ. ಮಂಜು ಕವಿದರೆ ಎಲ್ಲವೂ ನಾವು ಬಂದ ದಾರಿಯ ಹಾಗೇ ಕಾಣುತ್ತವೆ, ಅಲ್ವಾ? ಆಗ ಬೇಕಾಗುವುದು ಬಣ್ಣದ ನಕ್ಷೆಯಲ್ಲ, ಹತ್ತಿದ ದಾರಿಯ ಗೆರೆ. ಹತ್ತುವಾಗ ಟ್ರ್ಯಾಕ್ ರೆಕಾರ್ಡ್ ಮಾಡಿಟ್ಟರೆ ಅದೇ ಗೆರೆ ಹಿಡಿದು ಇಳಿಯಬಹುದು. ಮಳೆಯಲ್ಲೂ ಈ ಕೆಲಸ ತಪ್ಪದೆ ಮಾಡುವ ಸಾಧನ ನಮ್ಮ ಕಡೆಗೆ ಒಳ್ಳೆಯದು. ಉಳಿದದ್ದೆಲ್ಲ ಶೋಕಿ.

ಹಾಗಾಗಿ ಬಟನ್ ಇರುವುದನ್ನೇ ನೋಡಿ. ಸೆಲ್ ಬದಲಾಯಿಸುವಂತಿರಲಿ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ ನಡೆಯುತ್ತದೆ ಎನ್ನುತ್ತದೆ ಕಂಪನಿ. ಅಷ್ಟು ಬರದಿದ್ದರೂ ಚೀಲದಲ್ಲಿ ಇನ್ನೊಂದು ಜೋಡಿ ಇದ್ದರಾಯಿತು. ನೀರಿಗೆ ಐಪಿಎಕ್ಸ್7 ಮಟ್ಟದ ರಕ್ಷಣೆ ಇರಲಿ. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡಬಾರದು.

ಇದೇ ಇಟ್ರೆಕ್ಸ್ ಸಾಲಿನ 32ಎಕ್ಸ್‌ನಲ್ಲಿ ಗಾಳಿಯ ಒತ್ತಡದಿಂದ ಎತ್ತರ ಹೇಳುವ ಸೆನ್ಸರ್ ಇದೆ. ಹವಾಮಾನ ಬದಲಾದರೆ ಒತ್ತಡವೂ ಬದಲಾಗಿ, ನೀವು ಕೂತಲ್ಲೇ ಕೂತಿದ್ದರೂ ಅದು ತೋರಿಸುವ ಎತ್ತರ ಏರಿಳಿಯಬಹುದು. ಮುಳ್ಳಯ್ಯನಗಿರಿಯಂಥ ಗೊತ್ತಿರುವ ಎತ್ತರದಲ್ಲಿ, ಅಂದರೆ ಸುಮಾರು 1,930 ಮೀಟರ್‌ನಲ್ಲಿ, ಸರಿಮಾಡಿಕೊಳ್ಳಬೇಕು. ಅದಕ್ಕೆಂದೇ ಜಾಸ್ತಿ ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಬಿಸಿಲೆ ಕಡೆಯಂಥ ದಟ್ಟ ಕಾಡಿನಲ್ಲಿ ಜಾಸ್ತಿ ಓಡಾಡುವವರಾದರೆ ಲೆಕ್ಕ ಬದಲಾಗುತ್ತದೆ. ಒದ್ದೆ ಎಲೆಗಳ ಅಡಿಯಲ್ಲಿ ಸಿಗ್ನಲ್ ಸೊರಗಿ, ಸಾಧನ ತೋರಿಸುವ ಜಾಗ ಆಚೀಚೆ ಆಗುತ್ತದೆ. ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 65ಎಸ್‌ನಂಥವು ಒಂದೇ ಉಪಗ್ರಹದಿಂದ ಎರಡು ಫ್ರೀಕ್ವೆನ್ಸಿ ಹಿಡಿಯುವುದರಿಂದ ಅಲ್ಲಿ ಸ್ವಲ್ಪ ಮೇಲು. ದೊಡ್ಡ ಆಂಟೆನಾ ಇರುವುದರಿಂದ ಜೇಬಿನಲ್ಲಿಟ್ಟುಕೊಳ್ಳಲು ಭಾರ, ಅಷ್ಟೇ. ಇನ್ನು ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದನ್ನು ಸಕಲೇಶಪುರದವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ವಿಷಯ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನಗಳೂ ಇವೆ, ಗಾರ್ಮಿನ್ ಇನ್‌ರೀಚ್ ಥರದವು. ಭಾರತದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗಳಿದ್ದಾರೆ. ಬರೀ ಸಿಗ್ನಲ್ ಹಿಡಿಯುವ ಸಾದಾ ಜಿಪಿಎಸ್‌ಗೂ ಇದಕ್ಕೂ ವ್ಯತ್ಯಾಸವಿದೆ. ನೋಡಲು ಮಾತ್ರ ಎರಡೂ ಒಂದೇ ಥರ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಮಾಡೆಲ್ ಹೆಸರು ಪೂರ್ತಿ ಬರೆದು ಕಳಿಸಿ. 66ಐ, 67ಐ, 700ಐ ಹೀಗೆ ಅಂಕಿಯ ಕೊನೆಗೆ ‘ಐ’ ಇದ್ದರೆ ಅದರೊಳಗೆ ಇನ್‌ರೀಚ್ ಇದೆ, ಬೇಡ ಅನ್ನಿ.