1905ರ ಫುಟ್‌ಬಾಲ್ ಸೀಸನ್: ಆಟದ ಡಾಕ್ಟರುಗಳು ಬರೆದಿಟ್ಟದ್ದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನ 1905ರ ಸೀಸನ್ ಹೆಸರಾಗಿರುವುದು ಸಾವುಗಳಿಂದ. ಇದು ನಮಗೆ ಗೊತ್ತಿರುವ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ದಾಟಿ ಮುಂದೆ ನುಗ್ಗುವ ಆಟ. ಶಾಲೆ ಹುಡುಗರನ್ನೂ ಸೇರಿಸಿ 18–19 ಮಂದಿ ಸತ್ತರು ಅಂತ ಪತ್ರಿಕೆಗಳು ಲೆಕ್ಕ ಕೊಟ್ಟವು. ಆಟದ ರೀತಿಯೇ ಹಾಗಿತ್ತು. ಮೂರು ಪ್ರಯತ್ನದೊಳಗೆ ಐದು ಗಜ ಮುಂದೆ ಹೋಗಬೇಕು, ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ತೋಳು ಹೆಣೆದುಕೊಂಡು, ಚೆಂಡು ಹಿಡಿದವನನ್ನು ಹಿಂದಿನಿಂದ ತಳ್ಳುತ್ತಾ, ಎದುರಿನವರ ಮೇಲೆ ಗುಂಪಾಗಿ ನುಗ್ಗುತ್ತಿದ್ದರು. ತಲೆಗೆ ಹೆಲ್ಮೆಟ್ ಕಡ್ಡಾಯವೇ ಇರಲಿಲ್ಲ.

ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ನವೆಂಬರ್ 25ರಂದು ನ್ಯೂಯಾರ್ಕ್ ಯೂನಿವರ್ಸಿಟಿ ವಿರುದ್ಧ ಆಡುತ್ತಿದ್ದ ಯೂನಿಯನ್ ಕಾಲೇಜಿನ ಹುಡುಗನೊಬ್ಬ ಮಿದುಳಲ್ಲಿ ರಕ್ತಸ್ರಾವವಾಗಿ ಸತ್ತ. ಆಮೇಲೆ ಕಾಲೇಜುಗಳು ಸಭೆ ಸೇರಿದವು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ, ಮುಂದೆ ಎನ್‌ಸಿಎಎ ಆದ ಸಂಸ್ಥೆ ಹುಟ್ಟಿದ್ದು ಅಲ್ಲಿಂದಲೇ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ಐದು ಗಜ ಹತ್ತಾಯಿತು.

ಕ್ರೀಡಾಗಾಯಗಳಿಗೆ ಚಿಕಿತ್ಸೆ ಕೊಡುವ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ದಾಖಲೆ. ಹಾರ್ವರ್ಡ್ ತಂಡದ ಡಾಕ್ಟರುಗಳಾದ ಎಡ್ವರ್ಡ್ ನಿಕಲ್ಸ್ ಮತ್ತು ಹೋಮರ್ ಸ್ಮಿತ್ ಆ ಸೀಸನ್ ಪೂರ್ತಿ ಪ್ರತಿ ಗಾಯವನ್ನೂ ಬರೆದಿಟ್ಟು 1906ರ ಜನವರಿಯಲ್ಲಿ ಪ್ರಕಟಿಸಿದರು. ಒಂದೇ ತಂಡದಲ್ಲಿ 145 ಗಾಯ, ಅದರಲ್ಲಿ 19 ಮಿದುಳಿನ ಕನ್‌ಕಷನ್, ಅಂದರೆ ತಲೆ ಜೋರಾಗಿ ಅಲುಗಿ ಮಿದುಳಿಗೆ ಆಗುವ ಪೆಟ್ಟು. ಕನ್‌ಕಷನ್ ಆಗದ ಪಂದ್ಯಗಳು ಇಡೀ ಸೀಸನ್‌ನಲ್ಲಿ ಎರಡೇ ಎರಡು. ಆಟಗಾರರು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ, ಅದನ್ನೂ ಅವರು ಬರೆದಿದ್ದಾರೆ. ಪೆಟ್ಟಿಗೆ ಮುಂಚಿನದೂ ಆಮೇಲಿನದೂ ಸ್ವಲ್ಪ ನೆನಪು ಹೋಗಿರುತ್ತಿತ್ತು, ಆದರೂ ಆಟ ಮುಂದುವರಿಸುತ್ತಿದ್ದರು.

ಇದು ಹೇಗೆ ಸಾಧ್ಯ ಅಂತ ಎಷ್ಟೋ ಅಪ್ಪ ಅಮ್ಮಂದಿರು ಇವತ್ತಿಗೂ ಕೇಳುತ್ತಾರೆ. ಪೆಟ್ಟು ಬಿದ್ದಾಗ ಬುರುಡೆ ಒಡೆಯಬೇಕಿಲ್ಲ, ಜ್ಞಾನವೂ ತಪ್ಪಬೇಕಿಲ್ಲ. ತಲೆ ಜೋರಾಗಿ ಅಲುಗಿದಾಗ ಒಳಗಿನ ಮಿದುಳೂ ಕುಲುಕುತ್ತದೆ, ನರಕೋಶಗಳ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಕಾಲು ಓಡುತ್ತಿರುತ್ತದೆ, ಕೈ ಚೆಂಡು ಹಿಡಿಯುತ್ತಿರುತ್ತದೆ, ಹೊಸ ನೆನಪು ಮಾತ್ರ ದಾಖಲಾಗುತ್ತಿರುವುದಿಲ್ಲ. ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಏನೂ ಕಾಣಿಸುವುದಿಲ್ಲ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಈ ಕುಲುಕಾಟವನ್ನು ಪೂರ್ತಿ ತಡೆಯಲಾರದು.

ನಿಕಲ್ಸ್ ಮತ್ತು ಸ್ಮಿತ್ ಮಾಡಿದ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಸಾವು ಎಲ್ಲರ ಕಣ್ಣಿಗೂ ಬೀಳುತ್ತದೆ, ಎದ್ದು ನಿಂತು ಆಡುತ್ತಿರುವ ಹುಡುಗನ ಗಾಯ ಬೀಳುವುದಿಲ್ಲ. 1906ರ ನಿಯಮಗಳು ಗುಂಪು ನುಗ್ಗಾಟವನ್ನು ಸ್ವಲ್ಪ ಸಡಿಲಿಸಿದವು ಅಷ್ಟೇ. ತಳ್ಳುವುದು, ತೋಳು ಹೆಣೆಯುವುದು ನಿಂತಿದ್ದು 1910ರಲ್ಲಿ. ತಲೆಗೆ ಪೆಟ್ಟು ಬಿದ್ದವನನ್ನು ಹೊರಗೆ ಕೂರಿಸಬೇಕು ಅನ್ನುವ ಕಟ್ಟುನಿಟ್ಟಿನ ನಿಯಮ ಬರಲು ಬಹುತೇಕ ಒಂದು ಶತಮಾನವೇ ಬೇಕಾಯಿತು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಕನ್‌ಕಷನ್ ಆದವನ ಬದಲಿಗೆ ಇನ್ನೊಬ್ಬ ಪೂರ್ತಿಯಾಗಿ ಆಡಬಹುದು ಅಂತಾದದ್ದೇ 2019ರಲ್ಲಿ, ಅಲ್ವಾ?

ಕಬಡ್ಡಿ ಆಗಲಿ ಕ್ರಿಕೆಟ್ ಆಗಲಿ, ತಲೆಗೆ ಪೆಟ್ಟು ಬಿದ್ದ ಹುಡುಗ ಮಂಕಾಗಿ ಕಂಡರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಸ್ಕೋರ್ ಎಷ್ಟು ಅಂದರೆ ತಡಕಾಡಿದರೆ ಅವತ್ತಿಗೆ ಅವನ ಆಟ ಮುಗಿಯಿತು, ಅವನು ಎಷ್ಟೇ ಹಟ ಮಾಡಲಿ. ಮತ್ತೆ ಯಾವಾಗ ಆಡಬೇಕು ಅಂತ ಡಾಕ್ಟರ್ ಹೇಳಲಿ. ಪದೇ ಪದೇ ವಾಂತಿ, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.