ಅಡಿಕೆ ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಶುರುವಾಯಿತೆಂದರೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಆಂಬುಲೆನ್ಸ್‌ಗೆ ಬರುವ ಕರೆ ಒಂದೇ ತರ: ‘ಅಡಿಕೆ ಮರದಿಂದ ಬಿದ್ದಿದ್ದಾರೆ, ಬೇಗ ಬನ್ನಿ’. ನಾವು ತಲುಪುವಷ್ಟರಲ್ಲಿ ನಾಲ್ಕು ಜನ ಸೇರಿ ಕೈಕಾಲು ಹಿಡಿದು ಎತ್ತಿ, ಜಗಲಿಗೆ ತಂದು, ಗೋಡೆಗೆ ಒರಗಿಸಿ ಕೂರಿಸಿ, ಬಾಯಿಗೆ ನೀರೂ ಹಾಕಿರುತ್ತಾರೆ. ಪ್ರೀತಿಯಿಂದಲೇ ಮಾಡಿದ್ದು, ಅದು ನನಗೆ ಗೊತ್ತು. ಆದರೆ ದಯವಿಟ್ಟು ಎತ್ತುವುದೂ ಬೇಡ, ಕೂರಿಸುವುದೂ ಬೇಡ, ನೀರೂ ಬೇಡ.

ಎತ್ತರದಿಂದ ಕಾಲೂರಿ ಬಿದ್ದಾಗ ಪೆಟ್ಟು ಹಿಮ್ಮಡಿಯಲ್ಲಿ ನಿಲ್ಲುವುದಿಲ್ಲ, ಸೊಂಟ ದಾಟಿ ಬೆನ್ನುಮೂಳೆಗೂ ಏರುತ್ತದೆ. ಹಾಗಾಗಿ ‘ಹಿಮ್ಮಡಿ ಮಾತ್ರ ನೋವು’ ಅಂದವರ ಬೆನ್ನನ್ನೇ ನಾನು ಮೊದಲು ಮುಟ್ಟಿ ನೋಡುತ್ತೇನೆ. ಒಂದು ಕಡೆಯ ನೋವು ಜೋರಿದ್ದರೆ ಇನ್ನೊಂದು ಗೊತ್ತೇ ಆಗುವುದಿಲ್ಲ, ಅಲ್ವಾ? ‘ಅಣ್ಣಾ, ಕತ್ತು ಅಲ್ಲಾಡಿಸಬೇಡಿ, ಕಾಲಿನ ಬೆರಳು ಆಡಿಸಿ ನೋಡುವಾ’ ಅನ್ನಿ. ಬೆರಳು ಆಡದಿದ್ದರೆ, ಕಾಲು ಜುಮ್ ಅನ್ನುತ್ತಿದ್ದರೆ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಮಲಗಿದ ಹಾಗೆಯೇ ಇರಲಿ, ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಅಲುಗದಂತೆ ಹಿಡಿಯಲಿ. ಪ್ರಜ್ಞೆ ಇಲ್ಲದೆ ಗೊರಗೊರ ಸದ್ದು ಬರುತ್ತಿದ್ದರೆ, ವಾಂತಿ ಬಂದರೆ ಮಾತ್ರ ಕಾಯಬೇಡಿ. ತಲೆ, ಭುಜ, ಸೊಂಟ ಮೂರನ್ನೂ ಒಟ್ಟಿಗೇ ತಿರುಗಿಸಿ ಮಗ್ಗುಲಾಗಿಸಿ, ಉಸಿರಿನ ದಾರಿ ಎಲ್ಲಕ್ಕಿಂತ ಮುಂಚೆ.

ಕಿರುಚುವವರಿಗಿಂತ ಸುಮ್ಮನಾದವರ ಬಗ್ಗೆ ನನಗೆ ಜಾಸ್ತಿ ಭಯ. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಒಂದು ತೊಡೆಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ 1 ಲೀಟರ್‌ಗಿಂತ ಹೆಚ್ಚು ಒಳಗೇ ಸೋರಿಹೋಗಬಹುದು. ಸೊಂಟದ ಮೂಳೆ ಒಡೆದರೆ, ಹೊಟ್ಟೆಯೊಳಗೆ ಗುಲ್ಮ (ಸ್ಪ್ಲೀನ್) ಹರಿದರೆ ಇನ್ನೂ ಜಾಸ್ತಿ. ಬಿಪಿ ಸ್ವಲ್ಪ ಹೊತ್ತು ಸರಿಯಾಗಿಯೇ ತೋರಿಸುತ್ತದೆ, ಅದನ್ನು ನಂಬಿ ಕೂರಬಾರದು. ಮುಖ ಬಿಳಿಚಿಕೊಂಡು, ತಣ್ಣನೆ ಬೆವರು ಬಂದು, ನಾಡಿ ಓಡುತ್ತಾ, ‘ಬಾಯಾರಿಕೆ’ ಅನ್ನುತ್ತಾ ಚಡಪಡಿಸುತ್ತಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದೇ ತಿಳಿಯಿರಿ. ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು, ಆದರೆ ಮಳೆಯಲ್ಲಿ ನೆನೆದ ಕೈ ಸುಳ್ಳು ಹೇಳುತ್ತದೆ. ನಾನು ಹಣೆ ಅಥವಾ ಎದೆಮೂಳೆ ಮೇಲೆ ಒತ್ತಿ ನೋಡುತ್ತೇನೆ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ಕಷ್ಟ. ಒದ್ದೆ ಅಂಗಿಯನ್ನು ಎಳೆದಾಡದೆ ಕತ್ತರಿಸಿ ತೆಗೆದು ಕಂಬಳಿ ಹೊದಿಸಿ. ಎಲ್ಲರೂ ಮರೆಯುವ ಕೆಲಸ ಇದು.

ಸೊಂಟ ನೋವು ಅಂದರೆ ಅದನ್ನು ಹಿಸುಕಿ, ಅಲ್ಲಾಡಿಸಿ ನೋಡಬೇಡಿ. ನಾವು ಬಂದು ಪಟ್ಟಿ ಬಿಗಿಯುತ್ತೇವೆ. ಬರುವುದು ತಡವಾಗುತ್ತದೆ ಅಂತಾದರೆ ಬೆಡ್‌ಶೀಟ್ ಮಡಚಿ ಬಿಗಿಯಾಗಿ ಕಟ್ಟಿ, ಹೊಟ್ಟೆಯ ಮೇಲಲ್ಲ, ಪ್ಯಾಂಟಿನ ಜೇಬು ಬರುವ ಮಟ್ಟಕ್ಕೆ. ಬೀಳುವಾಗ ಕತ್ತಿ ತಾಗಿ ಗಾಯವಾಗಿದ್ದರೆ ಶುಭ್ರ ಬೈರಾಸು (ಟವೆಲ್) ಮಡಚಿ ಗಾಯದ ಮೇಲೇ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ, ಅರಿಶಿನ, ಕಾಫಿ ಪುಡಿ ತುಂಬಬೇಡಿ. ಕತ್ತಿ ಚುಚ್ಚಿಕೊಂಡೇ ಇದ್ದರೆ ಕೀಳಬೇಡಿ.

ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಮಂಗಳೂರಿಗೆ ಓಡುವ ಬದಲು 108ಕ್ಕೆ ಫೋನ್ ಮಾಡಿ. ತೋಟದ ದಾರಿ ಗೊತ್ತಿರುವ ಒಬ್ಬರನ್ನು ರಸ್ತೆಗೆ ಕಳಿಸಿ. ನಾವು ಬಂದ ಮೇಲೆ ಎಷ್ಟು ಎತ್ತರದಿಂದ, ಎಷ್ಟು ಗಂಟೆಗೆ ಬಿದ್ದರು, ಬಿದ್ದ ಕೂಡಲೇ ಕಾಲಿನ ಬೆರಳು ಆಡುತ್ತಿತ್ತಾ ಎಂದು ಹೇಳಿ. ಆಗ ಆಡುತ್ತಿದ್ದ ಬೆರಳು ಈಗ ಆಡುತ್ತಿಲ್ಲ ಎಂದಾದರೆ ಅದು ಆಸ್ಪತ್ರೆಯ ಸರ್ಜನ್‌ಗೆ ನಾವು ದಾರಿಯಿಂದಲೇ ಫೋನ್ ಮಾಡಿ ತಿಳಿಸುವ ವಿಷಯ.